ನೇರಳೆ ಗೋಡೆಯ ಆಚೆ ಬದಿ

ಬೋರಲಿಂಗಯ್ಯನ ಮನೆಯ ಹಾಲ್ ನೋಡುವುದಕ್ಕೆಂದೇ ಜನ ಬರುತ್ತಿದ್ದರು. ಕೆಂಗಲ್‌ನಲ್ಲಿ ಬಸ್ಸಿಳಿದು ಒಳಗಿನ ಮಣ್ಣುರಸ್ತೆ ಹಿಡಿದರೆ ಸಿಗುವ ಸಣ್ಣ ಊರು ಅದು. ಹೊರಗಿನವರು ಅಲ್ಲಿಗೆ ಬರಲು ಬೇರೆ ಕಾರಣವೇನೂ ಇರಲಿಲ್ಲ. ಎರಡು ಸಾವಿರದ ಎಂಟರ ಬೇಸಿಗೆಯ ಹೊತ್ತಿಗೆ ಆ ಹಾಲ್‌ನ ಒಂದು ಗೋಡೆ ಕಿತ್ತಳೆಯಾಗಿತ್ತು, ಒಂದು ಗಿಳಿಹಸಿರು, ಬಾಗಿಲಿದ್ದ ಗೋಡೆ ಹಳದಿ. ನಾಲ್ಕನೆಯದು ಗಾಢ ನೇರಳೆ. ಅದರ ನಡುವೆ, ಮೇಜಿಲ್ಲದೆ, ಸ್ಟ್ಯಾಂಡಿಲ್ಲದೆ, ದೇವರ ಫೋಟೋ ತೂಗುಹಾಕಿದ ಹಾಗೆ ಚಪ್ಪಟೆ ಟಿವಿ ನಿಂತಿತ್ತು. ಬಂದವರು ಸೋಫಾದ ಅಂಚಿನಲ್ಲಿ ಕೂತು ಮೊದಲು ಟಿವಿ ನೋಡುತ್ತಿದ್ದರು, ಆಮೇಲೆ ಅದು ಬೀಳದೆ ಹೇಗೆ ನಿಂತಿದೆ ಎಂದು ಎದ್ದು ಹೋಗಿ ಸಂದಿಯಲ್ಲಿ ಇಣುಕುತ್ತಿದ್ದರು. ಗೋಡೆಯ ಆಚೆ ಬದಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಆಚೆ ಬದಿಯಲ್ಲಿ ಕೆಲಸ ಮಾಡುತ್ತಿದ್ದವಳು ಬೋರಲಿಂಗಯ್ಯನ ಹೆಂಡತಿ ಕಾವೇರಮ್ಮ. ಆ ಗೋಡೆ ತನ್ನನ್ನು ಕೊಲ್ಲಬಹುದು ಎಂದು ಅವಳಿಗೆ ಗೊತ್ತಾಗಲು ಕೆಲವು ವಾರ ಹಿಡಿಯಿತು.

ಕಾವೇರಮ್ಮ ಹುಟ್ಟಿದ್ದು ಕನಕಪುರದ ಆಚೆ, ಉಯ್ಯಂಬಳ್ಳಿ ಕಡೆ. ರಾಗಿ, ಹುರುಳಿ, ಬೇಲಿ ಮುರಿದು ಬರುವ ಆನೆ: ತವರಿನವರಿಗೆ ಗೊತ್ತಿದ್ದದ್ದು ಅಷ್ಟೇ. ರೇಷ್ಮೆಹುಳುವನ್ನು ಅವಳು ಮೊದಲು ನೋಡಿದ್ದು ಮದುವೆಯಾಗಿ ಬಂದ ದಿನ, ಹೊಸಲು ದಾಟಿದ ಮೇಲೆ. ನಡುಮನೆಯ ತುಂಬ ಬಿದಿರು ತಟ್ಟೆಗಳ ಸಾಲು. ಮನುಷ್ಯರು ಮಲಗುವುದು ಸಾಲುಗಳ ನಡುವಿನ ಸಂದಿಯಲ್ಲಿ. ಅತ್ತೆ ಬಂದವಳ ಜಡೆಯಿಂದ ಮಲ್ಲಿಗೆ ಬಿಚ್ಚಿ ಅಂಗಳಕ್ಕೆ ಎಸೆದು, “ಹೂ ಮುಡ್ಕಂಡ್ ಒಳೀಕ್ ಬರಬ್ಯಾಡ ಕನವ್ವ, ಹುಳೀಗಾಗಲ್ಲ” ಎಂದಳಂತೆ. ಅದು ಧಾರೆಯಲ್ಲಿ ಮುಡಿಸಿದ ಹೂವು.

ಅತ್ತೆ ಸತ್ತ ಮೇಲೆ ಆ ಕಟ್ಟುನಿಟ್ಟು ಸಡಿಲವಾಗಲಿಲ್ಲ. ಸೊಸೆ ಅದನ್ನು ಇನ್ನೂ ಬಿಗಿ ಮಾಡಿದಳು. ಹುಳು ಮನೆಯಲ್ಲಿರುವಷ್ಟು ದಿನ ವಾಸನೆ ಸೋಪಿಲ್ಲ, ಪೌಡರಿಲ್ಲ, ಸೊಳ್ಳೆ ಬತ್ತಿಯಿಲ್ಲ. ಬೀಡಿ ಸೇದಿದವನು ಬಾಗಿಲಲ್ಲೇ ನಿಲ್ಲಬೇಕು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತೊಟ್ಟಿಯಲ್ಲಿ ಕಾಲದ್ದಿ, ಒದ್ದೆ ಕಾಲಲ್ಲೇ ಹೋಗಬೇಕು. ಇದು ಮಡಿಯಲ್ಲ, ಮೂಢನಂಬಿಕೆಯೂ ಅಲ್ಲ. ಹುಳುವಿನ ರೋಗ ಮನುಷ್ಯರ ಕಾಲಿಗೆ ಅಂಟಿಕೊಂಡೇ ಬರುತ್ತದೆ. ಊರಲ್ಲಿ ಹಾಲುತೊಂಡೆ ರೋಗ ಬಂದು ಎಲ್ಲರೂ ತಟ್ಟೆಗಟ್ಟಲೆ ಹುಳುವನ್ನು ತಿಪ್ಪೆಗೆ ಹೊತ್ತುಹಾಕಿದ ವರ್ಷವೂ ಕಾವೇರಮ್ಮನ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿತ್ತು. ಅದರಿಂದ ಅವಳಿಗೆ ತನ್ನ ನಿಯಮಗಳ ಮೇಲೆ ಇದ್ದ ನಂಬಿಕೆ ಹಟವಾಯಿತು. ಸರ್ಕಾರದ ರೇಷ್ಮೆ ಇಲಾಖೆಯಿಂದ ಬಂದವರನ್ನೂ ಅವಳು ಬಾಗಿಲಲ್ಲಿ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು.

ಬಿಡದಿಯ ಸುತ್ತ ಕಾರ್ಖಾನೆಗಳು ಏಳತೊಡಗಿದ ಮೇಲೆ ಊರಿನ ಹುಡುಗರು ಕೆಂಗಲ್‌ನಲ್ಲಿ ಕಂಪನಿ ಬಸ್ಸಿಗೆ ಕಾಯುವವರಾದರು. ಹಿಪ್ಪುನೇರಳೆ ತೋಟಗಳು ಒಂದೊಂದಾಗಿ ಕಲ್ಲು ನೆಟ್ಟ ಸೈಟುಗಳಾದವು. ಕಾವೇರಮ್ಮನ ಒಬ್ಬನೇ ಮಗ ನಟರಾಜು ಐಟಿಐ ಮುಗಿಸಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮಾಗಡಿ ತಾಲ್ಲೂಕಿನ ಸೋಲೂರಿನಿಂದ ಅವನಿಗೆ ಹೆಣ್ಣು ತಂದರು. ಹುಡುಗಿ ಶ್ವೇತ, ಬಿ.ಎ. ಓದಿದವಳು. ತೆಂಗಿನ ತೋಟ, ಹಾಲು ಕರೆಯುವ ಹಸು, ತಾರಸಿ ಮನೆ ಎಲ್ಲ ಇದ್ದ ಕಡೆಯಿಂದ ಬಂದವಳಿಗೆ ಹುಳುವಿನ ತಟ್ಟೆಗಳ ನಡುವೆ ಮಲಗುವುದು ಆಗಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಟರಾಜು ತನ್ನ ಸೂಪರ್‌ವೈಸರನ ಗೃಹಪ್ರವೇಶಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ಅಲ್ಲಿ ಒಂದೊಂದು ಗೋಡೆಗೆ ಒಂದೊಂದು ಬಣ್ಣ, ಟಿವಿ ಗೋಡೆಯ ಮೇಲೆ. ಗಂಡ ಹೆಂಡತಿ ವಾಪಸು ಬಂದದ್ದು ಅದೇ ಹಾಲ್ ತಲೆಯಲ್ಲಿಟ್ಟುಕೊಂಡು. ಬೋರಲಿಂಗಯ್ಯ ಮೊದಲು ಬೈದ. ವಾರ ಕಳೆಯುವುದರೊಳಗೆ ಅವರಿಬ್ಬರಿಗಿಂತ ಹೆಚ್ಚು ಅವಸರ ಅವನಿಗೇ ಆಯಿತು. ಸೋಲೂರಿನ ಬೀಗರು ಮದುವೆ ಮಾತಿಗೆ ಬಂದಾಗ ನಡುಮನೆಯಲ್ಲಿ ಕೂರಲು ಜಾಗವಿಲ್ಲದೆ ಜಗಲಿಯಲ್ಲಿ ಕೂತು ಹೋಗಿದ್ದರು. ಅದು ಅವನ ಮನಸ್ಸಿನಲ್ಲಿ ಉಳಿದಿತ್ತು. “ಯುಗಾದಿ ಕಳೀಲಿ, ಬೀಗ್ರುನ್ನ ಕರ್ಸಿ ಸೋಫಾದ ಮ್ಯಾಲೆ ಕೂರಿಸ್ತೀನಿ” ಎಂದು ಊರೆಲ್ಲ ಹೇಳಿಕೊಂಡು ಬಂದ.

ನಡುಮನೆಯಿಂದ ಹುಳುಗಳನ್ನು ಹಿಂದಿನ ದನದ ಕೊಟ್ಟಿಗೆಗೆ ಸಾಗಿಸುವುದು ಎಂದಾಯಿತು. ಎರಡಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ, ಬೋರಲಿಂಗಯ್ಯನ ಅಜ್ಜ ಕಟ್ಟಿಸಿದ ದಪ್ಪ ಮಣ್ಣುಗೋಡೆ. ಹಾಲ್ ಕಡೆಗೆ ಅದಕ್ಕೆ ಸಿಮೆಂಟ್ ಬಳಿದರು, ವೈರನ್ನು ಒಳಗೆ ಹೂತರು. ಕೊಟ್ಟಿಗೆಯ ಕಡೆ ಮಣ್ಣು ಮಣ್ಣಾಗಿಯೇ ಉಳಿಯಿತು, ಮೇಲೊಂದಿಷ್ಟು ಸುಣ್ಣ. ಬಣ್ಣ ಹೊಡೆಯಲು ಬಂದವನು ಚನ್ನಪಟ್ಟಣದ ಶುಕೂರ್. ಮೊದಲು ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುತ್ತಿದ್ದವನು, ಆ ಕೆಲಸ ಇಳಿದ ಮೇಲೆ ಗೋಡೆಗಳಿಗೆ ಬಂದಿದ್ದ.

“ಗೌಡ್ರೇ, ಈ ಗೋಡೆ ಒಳಗಿಂದ ಹಸಿ ಇದೆ. ಈಗ್ಲೇ ಹೊಡುದ್ರೆ ಬಣ್ಣ ನಿಲ್ಲಲ್ಲ” ಎಂದ.

“ನಿನ್ ಬೊಂಬೆ ಒಣಗಿಸ್ದಂಗೆ ಇದುನ್ನೂ ಬಿಸಿಲಿಗೆ ಇಡಕ್ಕಾಯ್ತದೇನ್ಲಾ? ಹೊಡಿ ಹೊಡಿ.”

“ನಿಲ್ಲದೇ ಹೋದ್ರೆ ನನ್ನ ಬೈಬೇಡಿ ಮತ್ತೆ.”

“ಬೈಯಲ್ಲ. ಇನ್ನೊಂದ್ ಕೋಟಿಂಗ್ ಹೊಡ್ಸಿ ನಿನ್ನ ಕೈಲೇ ಮುಚ್ಚುಸ್ತೀನಿ.”

ಬಣ್ಣದ ಕೆಲಸ ಮುಗಿದು ವಾಸನೆ ಪೂರ್ತಿ ಹೋಗುವವರೆಗೆ ಕಾವೇರಮ್ಮ ಹುಳುವಿನ ಮರಿ ತರಿಸಲಿಲ್ಲ. ಆ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ ಅವಳು. ಟಿವಿ ಅಂಗಡಿಯಿಂದ ಇಬ್ಬರು ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬಂದ ದಿನ ನಟರಾಜು ಡ್ಯೂಟಿಯಲ್ಲಿದ್ದ. ವೈರು ಗೋಡೆಯೊಳಗೆ ಯಾವ ದಾರಿಯಲ್ಲಿ ಹೋಗಿದೆ ಎಂದು ಅವರು ಕೇಳಿದರು. ಬೋರಲಿಂಗಯ್ಯ ಬೆರಳಾಡಿಸಿ, “ಇಲ್ಲೆಲ್ಲೋ ಮ್ಯಾಲಿಂದ ಇಳ್ದೈತೆ, ನೀವ್ ಹೊಡೀರಪ್ಪ” ಎಂದ. ಮಣ್ಣುಗೋಡೆ ಸಣ್ಣ ಬೋಲ್ಟುಗಳನ್ನು ಹಿಡಿಯಲಿಲ್ಲ. ತಿರುಗಿಸಿದಷ್ಟೂ ಪುಡಿ ಉದುರಿತು. ಅವರು ಉದ್ದನೆಯವು ತಂದು, ಒಳಗಿನವರೆಗೆ ಇಳಿಸಿ ಬಿಗಿದರು. ಟಿವಿ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಬೇಸಿಗೆ ಕಾವು ಜಾಸ್ತಿ ಇತ್ತು. ಹುಳುವಿಗೆ ತಂಪು ಬೇಕು, ಗಾಳಿಯಲ್ಲಿ ತೇವ ಬೇಕು. ಕಾವೇರಮ್ಮ ಗೋಡೆಗೆ ಬಡಿದ ಕಬ್ಬಿಣದ ಕೊಕ್ಕೆಗಳಿಗೆ ಗೋಣಿಚೀಲ ತೂಗುಹಾಕಿ ದಿನವೂ ನೀರು ಚಿಮುಕಿಸುತ್ತಿದ್ದಳು. ನೀರು ಚೀಲದಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತಿತ್ತು. ಹುಳು ಎರಡನೇ ಜ್ವರಕ್ಕೆ ಕೂತಿದ್ದಾಗ (ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ಅಲ್ಲಿಯವರು ಜ್ವರ ಎನ್ನುತ್ತಾರೆ) ಒಂದು ಮಧ್ಯಾಹ್ನ ಒದ್ದೆ ಚೀಲ ಸರಿಪಡಿಸುವಾಗ ಅವಳ ಬೆರಳಿನ ತುದಿಯಿಂದ ಮೊಣಕೈವರೆಗೆ ಜೋಮು ಹತ್ತಿತು. ಇರುವೆ ಸಾಲು ಚರ್ಮದ ಒಳಗೆ ಹರಿದ ಹಾಗೆ. ಕೈ ಕೊಡವಿದಳು, ಹೋಯಿತು. ಮರುದಿನ ಮತ್ತೆ ಬಂತು.

ಊಟಕ್ಕೆ ಕೂತಾಗ ಹೇಳಿದಳು. “ಆ ಗ್ವಾಡೆ ಮುಟ್ಟುದ್ರೆ ಕೈ ಜುಮ್ ಅಂತೈತೆ.”

“ಯಾವ್ ಗ್ವಾಡೆ?” ಎಂದ ಬೋರಲಿಂಗಯ್ಯ.

“ಇದೇ. ನಿಮ್ಮ ಟಿವಿ ಗ್ವಾಡೆ. ಆ ಕಡೆಯಿಂದ.”

“ವಯಸ್ಸಾಯ್ತು ಕನಮ್ಮಿ. ನಂಗೂ ಕುಂತು ಎದ್ರೆ ಕಾಲು ಜುಮ್ ಅಂತೈತೆ. ಅದುಕ್ಕೆ ನೆಲುದ್ ಮ್ಯಾಲೆ ದೂರು ಹೇಳ್ತೀನಾ?”

ಶ್ವೇತ ನಕ್ಕಳು. ನಗು ಕೆಟ್ಟದ್ದಾಗಿರಲಿಲ್ಲ. “ಅತ್ತೆಗೆ ನೇರಳೆ ಬಣ್ಣ ಮೊದ್ಲಿಂದ್ಲೂ ಇಷ್ಟ ಇರ್ಲಿಲ್ಲ ಮಾವ” ಎಂದಳು. ಕಾವೇರಮ್ಮನೂ ನಕ್ಕಳು.

ಚನ್ನಪಟ್ಟಣದ ಡಾಕ್ಟರು ನರದ ದೌರ್ಬಲ್ಯ ಎಂದು ಕೆಂಪು ಮಾತ್ರೆ ಬರೆದುಕೊಟ್ಟರು. ಅವಳು ಹೇಳಿದ್ದನ್ನು ಕೇಳಿದ ಯಾವ ಡಾಕ್ಟರೂ ಅದನ್ನೇ ಬರೆಯುತ್ತಿದ್ದರು. ಕೈ ಜೋಮು ಎಂದಳೇ ಹೊರತು ಗೋಡೆ ಎನ್ನಲಿಲ್ಲ. ನಗುತ್ತಾರೆ ಎಂಬ ಅಂಜಿಕೆ. ಮಾತ್ರೆ ತಪ್ಪದೆ ನುಂಗಿದಳು. ಜೋಮು ಹಾಗೇ ಇತ್ತು. ಒಂದು ಬೆಳಿಗ್ಗೆ ಗೋಡೆಯ ಬುಡದಲ್ಲಿ ಹಲ್ಲಿಯೊಂದು ಕಾಲು ಚಾಚಿ ಒಣಗಿ ಬಿದ್ದಿತ್ತು. ಪೊರಕೆಯಿಂದ ಗುಡಿಸಿ ಹಾಕಿದಳು. ಹಲ್ಲಿ ಸಾಯುವುದು ದೊಡ್ಡ ವಿಷಯವಲ್ಲ. ಮೂರನೆಯ ದಿನ ಇನ್ನೊಂದು ಬಿದ್ದಿತ್ತು, ಅದೇ ಕೊಕ್ಕೆಯ ಕೆಳಗೆ. ಆಗ ಅವಳು ಗುಡಿಸುವುದನ್ನು ಬಿಟ್ಟು ತಲೆಯೆತ್ತಿ ಕೊಕ್ಕೆಯನ್ನು ನೋಡಿದಳು.

ಗೊತ್ತಾದದ್ದು ಕರೆಂಟ್ ಹೋದಾಗ. ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ತೆಗೆಯುವುದು ಆಗ ದಿನದ ಮಾತು. ಅವಳು ಒಂದು ಕೈಯಲ್ಲಿ ಕೊಕ್ಕೆ, ಒಂದು ಕೈಯಲ್ಲಿ ಚೀಲ ಹಿಡಿದಿದ್ದಳು. ಕೈಯೊಳಗೆ ಇರುವೆ ಹರಿಯುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಅದೇ ಗಳಿಗೆಗೆ ಆಚೆ ಹಾಲ್‌ನಲ್ಲಿ ಫ್ಯಾನಿನ ಸದ್ದು ಇಳಿದು, “ಹೋಯ್ತಾ? ಥೂ!” ಎಂದು ಬೋರಲಿಂಗಯ್ಯ ಬೈದದ್ದು ಕೇಳಿತು. ಕಾವೇರಮ್ಮ ಕೆಲಸ ಬಿಟ್ಟು ಅಲ್ಲೇ ಕೂತಳು. ಕರೆಂಟ್ ಬರುವ ಹೊತ್ತಿಗೆ ಎದ್ದು, ಹಿಂಗೈಯನ್ನು ಗೋಡೆಗೆ ಒತ್ತಿ ನಿಂತಳು. ಫ್ಯಾನ್ ತಿರುಗಿತು, ಟಿವಿ ಮಾತಾಡಿತು, ಕೈ ಎಳೆದುಕೊಂಡಿತು. ಅಂದಿನಿಂದ ಅವಳು ಮಾತ್ರೆ ನುಂಗುವುದನ್ನು ಬಿಟ್ಟಳು.

ರಜದ ದಿನ ಮಗನಿಗೆ ಹೇಳಿದಳು. ಅವನು ನಗಲಿಲ್ಲ. ಟೆಸ್ಟರ್ ತಂದು ಟಿವಿಯ ಅಂಚು, ಪ್ಲಗ್ಗು, ಸ್ವಿಚ್ಚು, ನೇರಳೆ ಗೋಡೆಯ ಉದ್ದಗಲ ಎಲ್ಲ ಮುಟ್ಟಿಸಿ ನೋಡಿದ. ಹಾಲ್ ಕಡೆ ಗೋಡೆ ಸಿಮೆಂಟಿನದು, ಮೇಲೆ ಎರಡು ಪದರ ಬಣ್ಣ. ಟೆಸ್ಟರ್ ಉರಿಯಲಿಲ್ಲ. ಅವನು ಹುಳುಮನೆಯ ಬಾಗಿಲಿಗೆ ಬಂದ. ಅವಳು ಅಡ್ಡ ನಿಂತಳು.

“ಒಳಗಿಂದ ನೋಡ್ಬೇಕವ್ವ.”

“ಹುಳ ಕಡೇ ಜ್ವರುಕ್ಕೆ ಕುಂತವೆ ಕಣ್ಲಾ. ನಿನ್ ಮೈ ತುಂಬ ಕಾರ್ಖಾನೆ ಆಯಿಲ್ ವಾಸ್ನೆ.”

“ಮಿಂದ್ಕಂಡ್ ಬತ್ತೀನಿ.”

“ದಿನಾ ಮೀಯ್ತೀಯ, ಹೋಗೈತಾ? ನಿನ್ ಹೆಂಡ್ರುನ್ನ ಕೇಳು.”

“ಏನಾದ್ರೂ ಆದ್ರೆ?”

“ನಾನ್ ಮುಟ್ಟಲ್ಲ ಬುಡು. ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ಚಂದ್ರಿಕೆ ಹತ್ಲಿ, ಆಮ್ಯಾಕೆ ಬಾ. ಗ್ವಾಡೆನೇ ಬೇಕಾದ್ರೆ ಕಿತ್ತಾಕು.”

ನಟರಾಜು ಹೊಸ ರಬ್ಬರ್ ಚಪ್ಪಲಿ ತಂದುಕೊಟ್ಟು, ಒಳಗೆ ಇದನ್ನಾದರೂ ಹಾಕಿಕೋ ಎಂದ. ಅವಳು ಅದನ್ನು ತೊಟ್ಟಿಯ ಪಕ್ಕ ಬಿಟ್ಟು ಬರಿಗಾಲಲ್ಲೇ ಒಳಗೆ ಹೋದಳು. ಇಲ್ಲಿ ಕಾವೇರಮ್ಮನ ತಪ್ಪಿದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳ ಜೀವನವನ್ನು ಕಟ್ಟಿದ ನಿಯಮ ಅದು. ಅಪಾಯ ಒಳಗೇ ಉಳಿದದ್ದೂ ಅದೇ ನಿಯಮದಿಂದ; ಅದನ್ನು ಹುಡುಕಲು ಬಂದ ಮಗನಿಗೆ ಅವಳು ಬಾಗಿಲು ಬಿಡಲಿಲ್ಲ.

ಅವಳು ಮಾಡಿದ್ದು ಇನ್ನೊಂದು ಉಪಾಯ. ಟಿವಿ ಆರಿಸಿದರೂ ಗೋಡೆಯ ಜುಮ್ ಹೋಗುವುದಿಲ್ಲ ಎಂದು ಅವಳು ನೋಡಿಕೊಂಡಿದ್ದಳು. ಜಗಲಿಯ ಮೀಟರ್ ಬೋರ್ಡಿನಲ್ಲಿ ಬಿಳಿ ಪಿಂಗಾಣಿ ಫ್ಯೂಸ್ ಇದೆ, ಒಣಗಿದ ಕೈಯಲ್ಲಿ ಅದನ್ನು ಕಿತ್ತರೆ ಇಡೀ ಮನೆಯ ಕರೆಂಟ್ ನಿಲ್ಲುತ್ತದೆ ಎಂದು ಮಗ ತೋರಿಸಿಕೊಟ್ಟ. ಚೀಲಕ್ಕೆ ನೀರು ಹಾಕುವ ಹೊತ್ತಿಗೆ ಅವಳು ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು, ಕೆಲಸ ಮುಗಿದ ಮೇಲೆ ಹಾಕುತ್ತಿದ್ದಳು. ಬೋರಲಿಂಗಯ್ಯ ಹಾಲ್‌ನಲ್ಲಿ ಕೂತು ಕರೆಂಟಿನವರನ್ನು ಅವರ ಅಪ್ಪ ತಾತನ ಸಮೇತ ಬೈಯುತ್ತಿದ್ದ. ಅವಳು ತಿದ್ದಲು ಹೋಗುತ್ತಿರಲಿಲ್ಲ.

ಹುಳು ಹಣ್ಣಾಗುವ ದಿನ ಬಂತು. ಆ ದಿನ ಹುಳು ಯಾರಿಗೂ ಕಾಯುವುದಿಲ್ಲ. ಮೈ ಬಂಗಾರದ ಬಣ್ಣಕ್ಕೆ ತಿರುಗಿದ ಹುಳುಗಳನ್ನು ತಟ್ಟೆಯಿಂದ ಒಂದೊಂದಾಗಿ ಆಯ್ದು, ಗೂಡು ಕಟ್ಟಲು ಬಿದಿರಿನ ಅಗಲವಾದ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಅಲ್ಲೇ ಕಸದಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಬೆಳಗಿನಿಂದ ಸಂಜೆವರೆಗೆ ಕೈಗಳು ಬೇಕು. ಕಾವೇರಮ್ಮ ಪ್ರತಿ ಬೆಳೆಗೂ ಕರೆಯುತ್ತಿದ್ದವಳು ಕಾಲೋನಿಯ ದೊಡ್ಡಹನುಮಯ್ಯನ ಹೆಂಡತಿ ಮಾರಮ್ಮ. ಜೊತೆಗೆ ಇನ್ನಿಬ್ಬರು ಹೆಂಗಸರು. ಅವರು ಬರುವುದು ಹಿತ್ತಲಿನಿಂದ. ಆ ಮನೆಗೆ ವರ್ಷಗಟ್ಟಲೆ ಕೆಲಸಕ್ಕೆ ಬಂದಿದ್ದರೂ ಮಾರಮ್ಮ ಬಣ್ಣದ ಹಾಲ್ ನೋಡಿರಲಿಲ್ಲ. ಅವಳನ್ನು ಯಾರೂ ಕರೆದು ತೋರಿಸಿರಲಿಲ್ಲ.

ಆ ಬೆಳಿಗ್ಗೆ ಕಾವೇರಮ್ಮ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಮುಂದೆ ನಿಂತು ಹೇಳಿದಳು. “ಇವತ್ತು ಒಳಗೆ ಜನ ಅವ್ರೆ. ಸಂದೆಗಂಟ ಕರೆಂಟ್ ಬ್ಯಾಡ.”

ಇಷ್ಟು ದಿನದ ಕರೆಂಟಿನ ಕಳವು ಇವಳದೇ ಎಂದು ಗೊತ್ತಾಗಿ ಅವನು ರೇಗುತ್ತಾನೆ ಎಂದುಕೊಂಡಿದ್ದಳು. ಅವನು ರೇಗಲಿಲ್ಲ. “ಆಯ್ತು ಆಯ್ತು, ಹೋಗು” ಎಂದ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವಳಿಗೆ ಅದು ಒಳ್ಳೆಯತನವೆಂದು ಕಂಡಿತು.

ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ಜೀಪು ನಿಂತಿತು. ಸೋಲೂರಿನ ಬೀಗರು, ಶ್ವೇತಳ ಅಪ್ಪ ಬಾಲರಾಜು ಮತ್ತು ಅವನ ಅಣ್ಣ. ಕೆಂಗಲ್ ಆಂಜನೇಯನಿಗೆ ಹರಕೆ ತೀರಿಸಿ, ಹಾಗೇ ಮಗಳನ್ನು ನೋಡಿಕೊಂಡು ಹೋಗೋಣ ಎಂದು ಹೇಳದೆ ಕೇಳದೆ ಬಂದಿದ್ದರು. ಬೋರಲಿಂಗಯ್ಯ ಅವರನ್ನು ಸೋಫಾದ ಮೇಲೆ ಕೂರಿಸಿದ. ಇಷ್ಟು ದಿನ ಕಾದದ್ದು ಇದಕ್ಕೇ. ಶ್ವೇತ ಪಾನಕ ತಂದಳು. ಬಾಲರಾಜು ನಾಲ್ಕು ಗೋಡೆಗಳನ್ನೂ ತಲೆ ತಿರುಗಿಸಿ ನೋಡಿ, “ಪರ್ವಾಗಿಲ್ಲ ಬೀಗ್ರೇ, ಹೋಳಿ ಹಬ್ಬ ಮನೇಲೇ ಆಗೋಗೈತೆ” ಎಂದ. ಅವನ ಅಣ್ಣನ ಕಣ್ಣು ಟಿವಿಯ ಮೇಲಿತ್ತು.

“ಇದು ಹತ್ತುತ್ತಾ, ಬರೇ ಗೋಡೆ ಅಲಂಕಾರಕ್ಕಾ?”

“ಕರೆಂಟಿಲ್ಲ” ಎಂದ ಬೋರಲಿಂಗಯ್ಯ.

“ಇಲ್ವಾ? ಪಕ್ಕದ ಮನೇಲಿ ಮಿಕ್ಸಿ ಗೊರ್ ಅಂತೈತಲ್ಲ.”

ಎಲ್ಲರೂ ಒಂದು ಗಳಿಗೆ ಪಕ್ಕದ ಮನೆಯ ಮಿಕ್ಸಿ ಕೇಳಿದರು. ಶ್ವೇತ ಮಾವನ ಮುಖ ನೋಡಿದಳು. ಬೋರಲಿಂಗಯ್ಯ ಎದ್ದು ಜಗಲಿಗೆ ಹೋದ. ಫ್ಯೂಸ್ ಇದ್ದದ್ದು ಹೆಂಡತಿಯ ಸೊಂಟದಲ್ಲಿ. ಅದನ್ನು ಕೇಳಲು ಅವನು ಹಿತ್ತಲಿಗೆ ಹೋಗಲಿಲ್ಲ. ಬೇಲಿಗೆ ಕಟ್ಟಿದ್ದ ವೈರಿನ ತುಂಡಿನ ಸಿಪ್ಪೆ ಹಲ್ಲಲ್ಲಿ ಎಳೆದು, ತಾಮ್ರದ ಎಳೆಗಳನ್ನು ಹೊಸೆದು, ಟವಲ್ ಸುತ್ತಿದ ಕೈಯಲ್ಲಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದ. ಒಳಗೆ ಫ್ಯಾನ್ ತಿರುಗಿತು. ನೇರಳೆ ಗೋಡೆಯ ಮೇಲೆ ಯಾವುದೋ ಹೇರ್ ಆಯಿಲ್ ಜಾಹೀರಾತಿನ ಹಾಡು ಹತ್ತಿಕೊಂಡಿತು.

“ಒಸಿ ಜೋರಾಗಿಡಿ, ಸೌಂಡ್ ನೋಡಣ” ಎಂದ ಬಾಲರಾಜುವಿನ ಅಣ್ಣ.

ಆಚೆ ಬದಿಯಲ್ಲಿ ಕಾವೇರಮ್ಮ ತುಂಬಿದ ಚಂದ್ರಿಕೆಯನ್ನು ಹೊರಗೆ ಸಾಗಿಸಲು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಮಾರಮ್ಮ ಗೋಡೆಯ ಪಕ್ಕದ ತಟ್ಟೆ ಮುಗಿಸಿ, ಅಂಟಂಟಾದ ಕೈಯನ್ನು ಬಕೆಟ್ಟಿನಲ್ಲಿ ತೊಳೆದು ಏಳುತ್ತಿದ್ದಳು. ಬೆಳಗಿನಿಂದ ಕುಕ್ಕರಗಾಲಲ್ಲಿ ಕೂತವಳಿಗೆ ಏಳಲು ಆಸರೆ ಬೇಕಾಗಿತ್ತು. ಮೇಲೆ ಕೊಕ್ಕೆ ಇತ್ತು. ಗೋಡೆಯ ಮೂಲಕ ಹಾಡು ಬಂತು.

“ಮಾರೀ, ಕೊಕ್ಕೆ ಬುಡು!”

ಮಾರಮ್ಮ ಆಗಲೇ ಹಿಡಿದಿದ್ದಳು. ಅವಳು ಕೂಗಲಿಲ್ಲ, ಕೂಗಲು ಆಗುವುದಿಲ್ಲ. ಹಲ್ಲು ಕಚ್ಚಿಕೊಂಡಿತು, ಕೈ ಕೊಕ್ಕೆಯ ಸುತ್ತ ಮುಷ್ಟಿಯಾಗಿ ಬಿಗಿಯಿತು, ಒದ್ದೆ ನೆಲದ ಮೇಲೆ ಹಿಮ್ಮಡಿಗಳು ಕುಣಿದವು. ಉಳಿದ ಇಬ್ಬರಲ್ಲಿ ಒಬ್ಬಳು ಹಿಡಿದೆಳೆಯಲು ಎದ್ದಳು. “ಮುಟ್ಟಬ್ಯಾಡ!” ಎಂದು ಕಾವೇರಮ್ಮ ಚೀರಿದಳು. ಮುಟ್ಟಿದ್ದರೆ ಅವಳೂ ಅಂಟಿಕೊಳ್ಳುತ್ತಿದ್ದಳು. ಆಮೇಲೆ ಕಾವೇರಮ್ಮ ಕೈಯಲ್ಲಿದ್ದ ಚಂದ್ರಿಕೆಯ ಒಣಬಿದಿರಿನ ಅಂಚನ್ನು ಮುಂದೆ ಮಾಡಿ, ಓಡಿಬಂದು ಮಾರಮ್ಮನ ಮುಂಗೈಗೆ ಗುದ್ದಿದಳು. ಒಂದು ಸಲಕ್ಕೆ ಬಿಡಲಿಲ್ಲ. ಎರಡನೆಯ ಸಲಕ್ಕೆ ಬಿದಿರು ಸೀಳಿತು, ಕೈ ಕಿತ್ತುಬಂತು, ಮಾರಮ್ಮ ತಟ್ಟೆಗಳ ಮೇಲೆ ಬಿದ್ದಳು. ಹಣ್ಣಾದ ಹುಳುಗಳೆಲ್ಲ ನೆಲದ ತುಂಬ ಚೆಲ್ಲಿ, ನೀರಿನಲ್ಲಿ ಹೊರಳತೊಡಗಿದವು.

ಉಸಿರಿತ್ತು. ಬಾಯಲ್ಲಿ ನೊರೆ ಇತ್ತು. “ಅಂಗಾಲು ಉಜ್ರೇ, ಗ್ವಾಡೆ ತಂಟೆಗೆ ಹೋಗಬ್ಯಾಡಿ” ಎಂದು ಆ ಇಬ್ಬರಿಗೆ ಹೇಳಿ, ಕಾವೇರಮ್ಮ ಹಿತ್ತಲು ಸುತ್ತಿಕೊಂಡು ಹಾಲ್‌ಗೆ ಬಂದಳು.

ಸೀರೆ ಮೊಣಕಾಲಿನ ಮೇಲೆ ಸಿಕ್ಕಿಸಿತ್ತು, ಕೈಗೆ ರೇಷ್ಮೆಯ ಎಳೆಗಳು ಅಂಟಿದ್ದವು, ಹೊಸ ಟೈಲ್ಸಿನ ಮೇಲೆ ಒದ್ದೆ ಹೆಜ್ಜೆ ಬಿದ್ದಿತು. ಬೀಗರು ಎದ್ದು ನಿಂತರು. ಅವಳು ಅವರ ಕಡೆ ತಿರುಗಲಿಲ್ಲ.

“ಕಾಲ್ ತೊಳ್ಕಂಡ್ ಬಾ” ಎಂದಳು ಗಂಡನಿಗೆ. ಅವನನ್ನು ಏಕವಚನದಲ್ಲಿ ಅವಳು ಅದುವರೆಗೆ ಮಾತಾಡಿಸಿದವಳಲ್ಲ.

“ಏನಾಯ್ತಮ್ಮಿ? ಬೀಗ್ರು ಬಂದವ್ರೆ, ಒಸಿ...”

“ಕಾಲ್ ತೊಳ್ಕಂಡ್ ಒಳೀಕ್ ಬಾ. ಬಂದು ಆ ಕೊಕ್ಕೆ ಹಿಡ್ಕ. ಬೀಗ್ರೂ ನೋಡ್ಲಿ.”

ಗೊತ್ತಿಲ್ಲದವನು ಯಾವ ಕೊಕ್ಕೆ ಎಂದು ಕೇಳುತ್ತಿದ್ದ. ಇಲ್ಲವೇ ಹೆಂಡತಿಗೆ ಹುಚ್ಚು ಎಂದು ನಗುತ್ತಿದ್ದ. ಬೋರಲಿಂಗಯ್ಯ ಎರಡನ್ನೂ ಮಾಡಲಿಲ್ಲ. ಅವನು ಹುಳುಮನೆಯ ಕಡೆ ಒಂದು ಹೆಜ್ಜೆಯನ್ನೂ ಇಡದೆ ನೇರವಾಗಿ ಜಗಲಿಗೆ ಓಡಿ, ಟವಲಿನಲ್ಲಿ ಕೈ ಸುತ್ತಿ ತಾಮ್ರದ ತಂತಿಯನ್ನು ಕಿತ್ತ. ಟಿವಿ ಕಪ್ಪಾಯಿತು.

ಕಾವೇರಮ್ಮ ಹಿಂದೆಯೇ ಬಂದಿದ್ದಳು. “ಗೊತ್ತಿತ್ತು ನಿಂಗೆ” ಎಂದಳು.

ಅವನು ತಂತಿಯನ್ನು ಬೆರಳಿಗೆ ಸುತ್ತುತ್ತ ನಿಂತ. “ಒಂದ್ಸಲ ಹೊಡೀತು. ಹುಳೀಗೆ ಸೊಪ್ಪು ಸುರಿಯಕ್ಕೆ ಒಳೀಕ್ ಬಂದಾಗ. ಒಸಿಯಾ.”

“ಯಾವಾಗ?”

“ಹುಳ ಎರಡ್ನೇ ಜ್ವರ ಎದ್ದಾಗ.”

ಆಮೇಲೆ ಅವನು ಸೊಪ್ಪಿನ ಹೊರೆಯನ್ನು ಬಾಗಿಲಲ್ಲೇ ಇಳಿಸಿ ಹೋಗುತ್ತಿದ್ದದ್ದು ಅವಳಿಗೆ ನೆನಪಾಯಿತು. ತನ್ನ ಬೀಡಿಯ ವಾಸನೆ ಹುಳುವಿಗೆ ತಾಗದಿರಲಿ ಎಂದು ದೂರ ನಿಲ್ಲುತ್ತಾನೆ, ಕೊನೆಗೂ ಬುದ್ಧಿ ಬಂತು ಎಂದುಕೊಂಡಿದ್ದಳು.

“ಯಾಕ್ ಹೇಳ್ನಿಲ್ಲ?”

“ಹೇಳಿದ್ರೆ ನಟರಾಜ ಗ್ವಾಡೆ ಒಡುಸ್ಬುಡೋನು. ಬೀಗ್ರು ಬರೋ ಹೊತ್ತು...” ಅವನು ಒಳಗೆ ಕೂತವರ ಕಡೆ ನೋಡಿ ದನಿ ತಗ್ಗಿಸಿದ. “ನೀನ್ ದಿನಾ ಮುಟ್ತಿದ್ದೆ. ಏನೂ ಆಗಿರ್ನಿಲ್ವಲ್ಲ.”

ಬಾಲರಾಜು, ಅವನ ಅಣ್ಣ ಸೇರಿ ಮಾರಮ್ಮನನ್ನು ಜೀಪಿಗೆ ಹಾಕಿಕೊಂಡು ರಾಮನಗರದ ಆಸ್ಪತ್ರೆಗೆ ಹೋದರು; ಶ್ವೇತ ಜೊತೆಗೆ ಹೋದಳು. ಕಾವೇರಮ್ಮ ಮತ್ತು ಆ ಇಬ್ಬರು ಹೆಂಗಸರು ಉಳಿದ ಹುಳುಗಳನ್ನು ಆಯ್ದು ಮುಗಿಸಿದರು. ಮಾರಮ್ಮ ಬದುಕಿದಳು. ಅವಳ ಬಲಗೈಯ ಎರಡು ಬೆರಳು ಈಗಲೂ ಪೂರ್ತಿ ಬಿಚ್ಚುವುದಿಲ್ಲ. ಹುಳು ಆಯುವುದಕ್ಕೆ ಅವಳು ಮತ್ತೆ ಯಾರ ಮನೆಗೂ ಹೋಗಲಿಲ್ಲ.

ನಟರಾಜು ಟಿವಿ ಇಳಿಸಿ ಗೋಡೆ ಬಗೆದ. ಉದ್ದದ ಬೋಲ್ಟು ವೈರಿನ ಸಿಪ್ಪೆಯನ್ನು ಸೀಳಿಕೊಂಡು ಒದ್ದೆ ಮಣ್ಣಿನೊಳಗೆ ಹೋಗಿತ್ತು. ಕೊಕ್ಕೆಯ ಮೊನೆಗೂ ಅದಕ್ಕೂ ನಡುವೆ ಬೆರಳಗಲದ ಮಣ್ಣು ಮಾತ್ರ ಇತ್ತು. ಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿ, ವೈರು ಬದಲಿಸಿ, ಮನೆಗೆ ಅರ್ತಿಂಗ್ ಮಾಡಿಸಿದ. ಶ್ವೇತ ಈ ಸಲ ಬಣ್ಣದ ಮಾತೆತ್ತಲಿಲ್ಲ. ಬೋರಲಿಂಗಯ್ಯನೇ ಶುಕೂರನನ್ನು ಕರೆಸಿ ಮತ್ತೆ ನೇರಳೆ ಹೊಡೆಸಿದ. ಟಿವಿ ಅದೇ ಜಾಗಕ್ಕೆ ಹೋಯಿತು.

ಕಾವೇರಮ್ಮ ಗಂಡನ ಜೊತೆ ಜಗಳವಾಡಲಿಲ್ಲ, ತವರಿಗೆ ಹೋಗಲಿಲ್ಲ, ಊರಲ್ಲಿ ಹೇಳಿಕೊಂಡು ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ಇಡುತ್ತಾಳೆ. ಹುಳು ಸಾಕುತ್ತಾಳೆ, ಒಳಗೆ ಹೋಗುವವರಿಗಾಗಿ ತೊಳೆದಿಟ್ಟ ರಬ್ಬರ್ ಚಪ್ಪಲಿಗಳನ್ನು ಬಾಗಿಲಲ್ಲಿ ಸಾಲಾಗಿ ಇಟ್ಟಿದ್ದಾಳೆ. ಬದಲಾದದ್ದು ಒಂದೇ. ಹೊಸ ಮೋಟಾರಿನ ಸ್ಟಾರ್ಟರ್ ಇರಲಿ, ನೀರು ಕಾಯಿಸುವ ಹೀಟರ್ ಇರಲಿ, ಮಳೆಯಲ್ಲಿ ನೆನೆದ ಕಬ್ಬಿಣದ ಗೇಟಿರಲಿ, ಮುಟ್ಟುವ ಮುಂಚೆ ಅವಳು ಬೋರಲಿಂಗಯ್ಯನನ್ನು ಕೂಗಿ ಕರೆಯುತ್ತಾಳೆ. ಅವನು ಎಲ್ಲಿದ್ದರೂ ಬರುವವರೆಗೆ ಕೈಕಟ್ಟಿ ಕಾಯುತ್ತಾಳೆ.

“ಮೊದ್ಲು ನೀನ್ ಮುಟ್ಟು” ಎನ್ನುತ್ತಾಳೆ.

ಅವನು ಚಪ್ಪಲಿ ಬಿಟ್ಟು ಮುಟ್ಟುತ್ತಾನೆ. ಅವನ ಮುಖವನ್ನೇ ನೋಡುತ್ತ ಅವಳು ಪಕ್ಕದಲ್ಲಿ ನಿಂತಿರುತ್ತಾಳೆ.